ಭಾವ ಆರಿಸಿದ ಮದರ್‌ಬೋರ್ಡು

ಮನೆಗಳ ನಕ್ಷೆ ಬರೆದು ಬದುಕುವವಳ ಕಂಪ್ಯೂಟರು ಮೂರಂತಸ್ತಿನ ಮನೆ ತೆರೆದರೆ ಸಾಕು, ಉಸಿರು ಕಟ್ಟಿದಂತೆ ನಿಂತುಬಿಡುತ್ತಿತ್ತು. ಹೊಸ ಮದರ್‌ಬೋರ್ಡು, ಅದಕ್ಕೆ ಹೊಂದುವ ಮೆಮೊರಿ ತರೋಣವೆಂದು ಅವಳು ಹೊರಟಿದ್ದಳು. ಅಷ್ಟರಲ್ಲಿ ಅಕ್ಕನ ಫೋನು ಬಂತು.

"ನಿಮ್ಮ ಭಾವನಿಗೆ ಬಿಡೇ. ಅವರಿಗೆ ಇದೆಲ್ಲ ಗೊತ್ತು."

ಭಾವನಿಗೆ ಗೊತ್ತಿಲ್ಲದ್ದು ಯಾವುದಿತ್ತು? ವಿಮಾ ಕಚೇರಿಯಲ್ಲಿ ಇಡೀ ದಿನ ಕುರ್ಚಿ ಸವೆಸುವ ಆ ಮಹಾನುಭಾವ ಡಾಕ್ಟರಿಗೆ ಔಷಧಿ ಹೇಳುತ್ತಿದ್ದ, ಗಾರೆಯವನಿಗೆ ಗೋಡೆ ಕಲಿಸುತ್ತಿದ್ದ. ಅಕ್ಕನ ಮಾತು ಮೀರಲಾರದೆ ಅವಳು ಹೂಂ ಅಂದಳು.

ಭಾನುವಾರ ಭಾವ ಎರಡು ಡಬ್ಬಿ ಹಿಡಿದು ಬಂದ. ಮೆಮೊರಿಯನ್ನು ಮೊದಲೇ ಕೊಂಡಿದ್ದನಂತೆ, ಕೆಂಪು ದೀಪ ಮಿನುಗುತ್ತದೆ ಎಂಬ ಕಾರಣಕ್ಕೆ. ಬೋರ್ಡು ಆಮೇಲೆ ತಂದದ್ದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಆ ಮನುಷ್ಯನಿಗೆ ಹೊಸತೇನಲ್ಲ.

ಅವಳು ಡಬ್ಬಿಗಳನ್ನು ತಿರುಗಿಸಿ ನೋಡಿದಳು. "ಭಾವ, ಮೆಮೊರಿ ಮೇಲೆ ಡಿಡಿಆರ್ ನಾಲ್ಕು ಅಂತಿದೆ, ಹಳೇ ನಮೂನೆ. ಬೋರ್ಡು ಐದು ಕೇಳ್ತಿದೆ."

"ನಾಲ್ಕು ಐದರೊಳಗೆ ಹೋಗಲ್ವಾ? ಚಿಕ್ಕದು ದೊಡ್ಡದರಲ್ಲಿ ಹೋಗೇ ಹೋಗುತ್ತೆ. ಸಾಮಾನ್ಯ ಜ್ಞಾನ ಅದು."

"ಪಟ್ಟಿಯಲ್ಲಿ ಕಚ್ಚು ಇರೋ ಜಾಗಾನೇ ಬೇರೆ ಇದೆಯಲ್ಲ. ಅಂಗಡಿಯವರನ್ನ ಒಂದು ಮಾತು ಕೇಳೋಣ."

"ಅವರಿಗೇನು ಗೊತ್ತು, ಮಾರೋರು" ಎಂದು ಭಾವ ತೋಳು ಮಡಿಚಿದ.

ಬಾಗಿಲಿಗಿಂತ ಅಗಲವಾದ ಮಂಚವನ್ನು ಒಳಗೆ ತುರುಕುವವರನ್ನು ಅವಳು ತನ್ನ ಕೆಲಸದಲ್ಲಿ ಕಂಡಿದ್ದಳು. ಅವರು ಕೂಡ ಒಮ್ಮೆ ನಿಂತು ತಲೆ ಕೆರೆದುಕೊಳ್ಳುತ್ತಾರೆ. ಭಾವ ಕೆರೆದುಕೊಳ್ಳಲಿಲ್ಲ. ಮೆಮೊರಿಯನ್ನು ಬೋರ್ಡಿನ ಸಂದಿಗಿಟ್ಟು, ಎರಡೂ ಹೆಬ್ಬೆರಳಿಂದ ಹಲ್ಲು ಕಚ್ಚಿ ಅದುಮಿದ. ಲಟಕ್ಕೆಂದಿತು.

"ಸದ್ದು ಬಂತಾ? ಕೂತಿತು ಅಂತ ಅರ್ಥ."

ಬೋರ್ಡನ್ನು ಕಂಪ್ಯೂಟರಿಗೆ ಜೋಡಿಸಿ ಸ್ವಿಚ್ಚು ಹಾಕಿದರೆ ಪರದೆ ಕಪ್ಪಗೇ ಇತ್ತು. "ಹೊಸದಲ್ವಾ, ಸ್ವಲ್ಪ ಬಿಸಿಯಾಗಬೇಕು" ಎಂದವನೇ ಭಾವ ಹೋಗಿ ಸೋಫಾದ ಮೇಲೆ ಉರುಳಿದ. ಗೊರಕೆಯಲ್ಲೂ ಆತ್ಮವಿಶ್ವಾಸಕ್ಕೆ ಕೊರತೆ ಇರಲಿಲ್ಲ.

ಗಂಡನನ್ನು ಕರೆದೊಯ್ಯಲು ಸಂಜೆ ಅಕ್ಕ ಬಂದಳು. ತಂಗಿ ಬೋರ್ಡು ಬಿಚ್ಚಿ ತೋರಿಸಿದಳು. ಮೆಮೊರಿ ಕೂರುವ ಸಂದು ಉದ್ದಕ್ಕೂ ಸೀಳಿಹೋಗಿತ್ತು. ತಂತಿಗಳು ಕೆದರಿದ ಕೂದಲಿನಂತೆ ಎದ್ದಿದ್ದವು.

"ನಮ್ಮ ಮಿಕ್ಸಿನೂ ಹೀಗೇ ಹೋಗಿದ್ದು" ಎಂದಳು ಅಕ್ಕ, ತಣ್ಣಗೆ. "ಆಮೇಲೆ ಗೀಸರು."

"ಗೊತ್ತಿದ್ದೂ ಅವರಿಗೆ ಬಿಡು ಅಂದ್ಯಲ್ಲೇ?"

ಅಕ್ಕ ಸೋಫಾದ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಈ ವಾರ ವಾಷಿಂಗ್ ಮಷೀನ್ ಬಿಚ್ಚಬೇಕು ಅಂತಿದ್ರು. ನಿನ್ನ ಮನೇಲಿದ್ದಷ್ಟು ಹೊತ್ತಾದ್ರೂ ಅದು ಉಳಿಯುತ್ತಲ್ಲ ಅಂತ."

ತಂಗಿಗೆ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ಅಕ್ಕನನ್ನು ಬಾಯಿಲ್ಲದ ಪಾಪದವಳು ಎಂದು ನಂಬಿದ್ದಳು. ಪಾಪದವಳು ತನ್ನ ಮನೆಯ ಮಾರಿಯನ್ನು ತಂಗಿಯ ಮನೆಗೆ ಸಾಗಹಾಕಿ ಹಾಯಾಗಿ ಬಟ್ಟೆ ಒಗೆದುಕೊಂಡಿದ್ದಳು. ಬೈಯಬೇಕೆಂದು ಬಾಯಿ ತೆರೆದರೆ ನಗು ಬಂತು. ಅಕ್ಕನೂ ಸೆರಗು ಬಾಯಿಗಿಟ್ಟುಕೊಂಡಳು.

ಮರುದಿನ ಅವಳೇ ಕೂತು ಓದಿದಳು. ತನ್ನ ಪ್ರೊಸೆಸರಿಗೆ ಒಪ್ಪುವ ಬೋರ್ಡನ್ನು ಮೊದಲು ಆರಿಸಿದಳು. ಅದರ ತಯಾರಕರು ಹಾಕಿ ನೋಡಿ ಸರಿಯೆಂದ ಮೆಮೊರಿಯನ್ನೇ ಆಮೇಲೆ ತಂದಳು. ದೀಪಗೀಪ ಇಲ್ಲದ, ಒಂದೇ ಜೊತೆಯ ಎರಡು ಪಟ್ಟಿ. ಹಗುರವಾಗಿ ಒತ್ತಿದರೆ ಕೂತವು. ಮೂರಂತಸ್ತಿನ ಮನೆ ಕಣ್ಣೆವೆ ಮುಚ್ಚುವಷ್ಟರಲ್ಲಿ ತೆರೆಯಿತು.

ಮುಂದಿನ ವಾರ ಭಾವ ನೋಡಲು ಬಂದ. ಕಂಪ್ಯೂಟರಿನ ಬೆನ್ನು ತಟ್ಟಿ, "ನಾನು ದಾರಿ ತೋರಿಸಿದ್ದು ಒಳ್ಳೇದೇ ಆಯ್ತು" ಎಂದ. ಕಣ್ಣು ಆಗಲೇ ಪಕ್ಕದ ಪ್ರಿಂಟರಿನ ಮೇಲೆ ಓಡಾಡುತ್ತಿತ್ತು. "ಇದ್ಯಾಕೋ ಸ್ವಲ್ಪ ಸದ್ದು ಮಾಡುತ್ತಲ್ಲ?"

ಅವಳು ಎದ್ದು ಬಂದು ಪ್ರಿಂಟರಿಗೂ ಭಾವನಿಗೂ ನಡುವೆ ನಿಂತಳು.

"ಮಾಡಲಿ ಭಾವ. ಜೀವಂತ ಇದೆ, ಅದಕ್ಕೇ ಮಾಡುತ್ತೆ. ನೀವು ಹೊರಡಿ, ಅಕ್ಕ ಕಾಯ್ತಿರ್ತಾಳೆ."