ಐದಡಿಯ ಮಂಚ

ಪರದೆಯ ಅಂಚು ಫ್ಯಾನಿನ ಗಾಳಿಗೆ ಎದ್ದು ಮಂಚದ ಕಾಲನ್ನು ಸವರಿ ಬೀಳುತ್ತಿದೆ, ಬೀಳಲಿ, ಪರದೆ ಆಡುತ್ತಿದ್ದರೆ ಕೋಣೆ ದೊಡ್ಡದು ಅನ್ನಿಸುತ್ತದೆ, ಮನೆ ಕೊಳ್ಳಲು ಬಂದವರು ಮಂಚ ನೋಡುವುದಿಲ್ಲ, ಸುತ್ತ ಉಳಿದ ಜಾಗ ನೋಡುತ್ತಾರೆ, ಅದಕ್ಕೇ ತಾನೆ ಈ ಐದಡಿಯ ಮಂಚ, ಮಾಮೂಲಿಗಿಂತ ಒಂದೂಕಾಲು ಅಡಿ ಗಿಡ್ಡ, ನಾನೇ ಬಡಗಿಯ ಎದುರು ಕೂತು ಹೇಳಿ ಮಾಡಿಸಿದ್ದು, ಮಕ್ಕಳಿಗಾ ಅಮ್ಮಾ ಅಂದಿದ್ದ, ಅಲ್ಲಪ್ಪಾ, ಮಲಗೋಕಲ್ಲ, ನೋಡೋಕೆ ಅಂದಾಗ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ, ಹನ್ನೊಂದು ಮನೆ ತಿರುಗಿದೆ ಈ ಮಂಚ, ಒಂದು ದಿನವೂ ಯಾರೂ ಇದರ ಮೇಲೆ ನಿದ್ದೆ ಮಾಡಿಲ್ಲ. ನನ್ನ ತಮ್ಮ ಹಳೆಯ ಮನೆಗಳನ್ನು ಕೊಳ್ಳುತ್ತಾನೆ, ಸುಣ್ಣಬಣ್ಣ ಬಳಿಸುತ್ತಾನೆ, ಆಮೇಲೆ ನಾನು ಲಾರಿಯಲ್ಲಿ ಸಾಮಾನು ತಂದು ಸಂಸಾರ ಹೂಡುತ್ತೇನೆ, ಮಾರಿದ ದಿನ ಸಂಸಾರ ಕಿತ್ತುಕೊಂಡು ಮುಂದಿನ ಮನೆಗೆ, ಕೊಳ್ಳುವವರು ಹೆಚ್ಚಾಗಿ ಬಾಡಿಗೆಗೆ ಬಿಡುವವರು, ತಾವು ಮಲಗುವ ಕೋಣೆಯಲ್ಲವಲ್ಲ, ಅಳೆಯುವುದಿಲ್ಲ, ಮೇಲೆಲ್ಲ ಥಳುಕು ಒಳಗೆಲ್ಲ ಹುಳುಕು ಅಂತ ನಾನೊಮ್ಮೆ ಗೊಣಗಿದ್ದಕ್ಕೆ, ಹೋಗೇ ಅಕ್ಕ, ನಾವೇನ್ ಸುಳ್ಳು ಹೇಳಿದೀವಾ, ಕೇಳಿದ್ರೆ ಅಳತೆ ಹೇಳ್ತೀವಪ್ಪ, ಅವರು ಕೇಳಲ್ಲ — ಎಂದು ತಮ್ಮ ನಕ್ಕಿದ್ದ, ನಾನೂ ನಕ್ಕಿದ್ದೆ.

ಇವತ್ತು ಮನೆ ನೋಡಲು ಬಂದಿರುವ ಈಕೆ ಕೇಳುತ್ತಿದ್ದಾಳೆ. ಬಾಡಿಗೆಗೆ ಬಿಡೋಕಲ್ಲ, ತಿರುಗಿ ಮಾರೋಕಲ್ಲ, ನಾವೇ ಇರೋಕೆ, ಎಂದು ಬಾಗಿಲಲ್ಲೇ ಹೇಳಿದಳು, ನಮ್ಮನೆಯವರಿಗೆ ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ, ಮಲಗಿದಲ್ಲಿಂದ ಕಿಟಕಿ ಕಾಣಬೇಕು, ಗಾಲಿಕುರ್ಚಿ ತಿರುಗಬೇಕು, ಅಷ್ಟಾದ್ರೆ ಸಾಕು, ಹೊರಗೆ ಹಜಾರದಲ್ಲಿ ನನ್ನ ತಮ್ಮ ಕಾಗದಪತ್ರ ಹರಡಿಕೊಂಡು ಕಾಯುತ್ತಿದ್ದಾನೆ, ಅಕ್ಕ, ಇವತ್ತು ಇದು ಮುಗೀಲೇಬೇಕು, ನೀನು ಬಾಯಿ ಬಿಟ್ಟು ಕೆಡಿಸಬೇಡ ಎಂದಿದ್ದಾನೆ. ಮಂಚದ ಕೊನೆಯಿಂದ ಗೋಡೆಗೆ ಗಾಲಿಕುರ್ಚಿ ತಿರುಗುವಷ್ಟೇ ಜಾಗ, ನಿಜವಾದ ಮಂಚ ಬಂದರೆ ಅದೂ ಇರುವುದಿಲ್ಲ, ನನಗಲ್ಲದೆ ಇನ್ಯಾರಿಗೆ ಗೊತ್ತು, ನಾವೂ ಹೀಗೇ ಯಾರೋ ಜೋಡಿಸಿಟ್ಟ ಕೋಣೆ ನೋಡಿ ಮರುಳಾಗಿ ಮನೆ ಕೊಂಡವರು, ಆಹಾ ಎಷ್ಟು ವಿಶಾಲ ಅಂದವಳು ನಾನೇ, ನಮ್ಮ ಯಜಮಾನರು ಕಾಯಿಲೆ ಬಿದ್ದಾಗ ಮಂಚದ ಪಕ್ಕ ನರ್ಸಮ್ಮ ನಿಲ್ಲಲಾಗದೆ ಅವರನ್ನು ಹಜಾರದ ದಿವಾನಕ್ಕೆ ತಂದು ಮಲಗಿಸಿದೆವು, ಎತ್ತರದ ಆಳು, ಹಿಮ್ಮಡಿಗಳೆರಡೂ ದಿವಾನದಾಚೆ ಓಡಾಡುವ ದಾರಿಗೆ ಚಾಚಿರುತ್ತಿದ್ದವು, ಸಿಲಿಂಡರಿನವನ ಪ್ಯಾಂಟು ತಗುಲುತ್ತಿತ್ತು, ನನ್ನ ಕೈಯ ಪೊರಕೆ ತಗುಲುತ್ತಿತ್ತು, ತಗುಲಿದಾಗಲೆಲ್ಲ, ಹೋಗಿ ಹೋಗಿ, ದಾರಿ ಬಿಟ್ಟೆ, ಎನ್ನುತ್ತ ಎಳೆದುಕೊಳ್ಳುತ್ತಿದ್ದರು, ಆಮೇಲೆ ಎಳೆದುಕೊಳ್ಳಲಾಗಲಿಲ್ಲ, ಹೇಳುವುದೊಂದೇ ಉಳಿಯಿತು, ಸ್ವಂತ ಮನೆಯಲ್ಲಿ ಬಸ್ ನಿಲ್ದಾಣದಲ್ಲಿ ಮಲಗಿದವರ ಹಾಗೆ ದಾರಿ ಬಿಟ್ಟೆ ದಾರಿ ಬಿಟ್ಟೆ ಅನ್ನುತ್ತಲೇ ಹೋಗಿಬಿಟ್ಟರು, ಅಷ್ಟಾದ ಮೇಲೂ ಇದೇ ಕೆಲಸಕ್ಕೆ ಬಂದೆನಲ್ಲ, ನನ್ನದೂ ಒಂದು ಮನಸ್ಸೇ.

ಅಕ್ಕಾ, ಒಂದು ತುದಿ ಹಿಡೀತೀರಾ, ಈಕೆ ಚೀಲದಿಂದ ದಾರ ತೆಗೆದಿದ್ದಾಳೆ, ಬಿಳಿ ದಾರ, ತುದಿಗೊಂದು ಗಂಟು, ನಮ್ಮನೆ ಮಂಚದುದ್ದ ಕತ್ತರಿಸ್ಕೊಂಡು ಬಂದೆ, ನನಗೆ ಈ ಅಡಿ ಗಿಡಿ ತಿಳಿಯಲ್ಲ, ಎನ್ನುತ್ತ ದಿಂಬಿನ ಕಡೆ ಬಗ್ಗಿದಳು, ಗಂಟಿನ ತುದಿ ನನ್ನ ಕೈಯಲ್ಲಿ, ಎಳೆದೆ, ಮಂಚ ಮುಗಿಯಿತು, ದಾರ ಮುಗಿಯಲಿಲ್ಲ, ಮಿಕ್ಕಿದ್ದನ್ನು ಕೈ ತಾನಾಗಿ ಮುಷ್ಟಿಯೊಳಗೆ ಸುತ್ತಿಕೊಂಡಿತು, ಹನ್ನೊಂದು ಮನೆಯಲ್ಲಿ ಪಳಗಿದ ಕೈ, ಸರಿಹೋಯ್ತಾ ಅಕ್ಕ, ಸರಿಹೋಯ್ತು ಅಂದೆ, ಅಂದೇಬಿಟ್ಟೆ, ಕೇಳಿದ್ರೆ ಅಳತೆ ಹೇಳ್ತೀವಪ್ಪ — ಆಕೆಯ ಮುಖ ಅರಳಿತು, ಸದ್ಯ, ಬದುಕಿದೆ, ಮೂರು ವರ್ಷದಿಂದ ಗೋಡೆ ನೋಡ್ಕೊಂಡೇ ಮಲಗಿದಾರೆ, ಇನ್ನಾದ್ರೂ ಬೀದಿ ನೋಡ್ಕೊಂಡಿರಲಿ, ಹಜಾರದಿಂದ ತಮ್ಮ ಕೂಗುತ್ತಾನೆ, ಅಕ್ಕಾ, ಆಯ್ತೇನೇ, ಗಂಟು ಅಂಗೈಗೆ ಒತ್ತುತ್ತಿದೆ, ಇಷ್ಟೇ ಇಷ್ಟು ಗಂಟು, ಕೊನೆಯ ದಿನ ನಮ್ಮ ಯಜಮಾನರ ಹಿಮ್ಮಡಿ ಎಷ್ಟು ತಣ್ಣಗಿತ್ತು, ಎರಡನ್ನೂ ಅಂಗೈಯಲ್ಲಿ ಹಿಡಿದು ಕೂತಿದ್ದೆ, ಸಾಕು ಅಕ್ಕಾ, ಬಿಡಿ, ಎನ್ನುತ್ತಾಳೆ ಈಕೆ, ಬಿಟ್ಟರೆ ಕಾಣುತ್ತದೆ, ಬಿಡದಿದ್ದರೆ ಈಕೆಯ ಗಂಡನೂ ದಾರಿ ಬಿಟ್ಟೆ ಅನ್ನುತ್ತ ಮಲಗುತ್ತಾನೆ, ಇದೇ ಕೋಣೆಯಲ್ಲಿ, ನನ್ನ ಕೈಯಿಂದ — ಬಿಟ್ಟೆ, ದಾರ ಸುರುಳಿ ಬಿಚ್ಚಿಕೊಂಡು ಮಂಚದಾಚೆ ಇಳಿಯಿತು, ಆಕೆಯ ನಗು ಅಲ್ಲೇ ನಿಂತಿತು, ತಮ್ಮ ಬಾಗಿಲ ಕಡೆ ಬರುತ್ತಿದ್ದಾನೆ, ನಾವಿಬ್ಬರೂ ನೋಡುತ್ತಿದ್ದೇವೆ, ಮಂಚದಾಚೆ, ದಾರಿಯ ಮೇಲೆ, ಹಿಮ್ಮಡಿ ಇರುವಲ್ಲಿ, ಗಂಟು, ತೂಗುತ್ತಿರುವ ಗಂಟು