ತೊಟ್ಟಿ ಕಾಣದ ವಾಲ್ವುಗಳು

ಆ ಶೆಡ್ಡಿನಲ್ಲಿ ಇದ್ದದ್ದು ಒಂದೇ ಆಮ್ಲದ ತೊಟ್ಟಿ. ಅದರ ಗುಣ ಬಲ್ಲವಳೂ ಒಬ್ಬಳೇ. ಅವಳನ್ನು ಎಲ್ಲರೂ ಕನ್ನಡಿ ಎಂದು ಕರೆಯುತ್ತಿದ್ದರು. ಹಾಗೆ ಹೆಸರಿಟ್ಟವನು ಅವಳ ಅಣ್ಣ, ಶೆಡ್ಡಿನ ಯಜಮಾನ. ಅಪ್ಪ ತೀರಿಕೊಂಡಾಗ ಅವಳಿಗೆ ಹದಿನೇಳು. ಅಣ್ಣನೇ ಕೈ ಹಿಡಿದು ಅಕ್ಷರ ತಿದ್ದಿಸಿದ ಹಾಗೆ ಕೆಲಸ ಕಲಿಸಿದ್ದ. ಸ್ಟೀಲಿನ ಸಾಮಾನನ್ನು ತಾಮ್ರದ ಕೊಕ್ಕೆಗೆ ಸಿಕ್ಕಿಸಿ, ಬಿಸಿ ಆಮ್ಲದೊಳಗೆ ಇಳಿಸಿ, ಕರೆಂಟು ಬಿಡಬೇಕು. ಕೂದಲೆಳೆಗಿಂತ ತೆಳುವಾದ ಒಂದು ಪದರ ಕರಗಿ ಹೋಗುತ್ತದೆ. ಅದರ ಜೊತೆಗೆ ತುಕ್ಕು ಹಿಡಿಸುವ ಕಬ್ಬಿಣದ ಕಣಗಳೂ ಕಣ್ಣಿಗೆ ಕಾಣದ ಗೀರುಗಳೂ ಹೋಗುತ್ತವೆ. ಹೊತ್ತು ಕಡಿಮೆಯಾದರೆ ಮಂಕು, ಹೆಚ್ಚಾದರೆ ಅಂಚು ಸವೆಯುತ್ತದೆ. ಆಮೇಲೆ ಅಣ್ಣ ತೊಟ್ಟಿಯನ್ನು ಪೂರ್ತಿ ಅವಳಿಗೇ ಬಿಟ್ಟಿದ್ದ. ಇಪ್ಪತ್ತೆರಡು ವರ್ಷದಲ್ಲಿ ಅವಳು ಗುಳ್ಳೆ ಏಳುವ ಸದ್ದು ಕೇಳಿಯೇ ಕರೆಂಟು ಹೆಚ್ಚೋ ಕಡಿಮೆಯೋ ಹೇಳುವಷ್ಟು ಪಳಗಿದ್ದಳು. ನಮ್ಮ ಕನ್ನಡಿಗೆ ಮುಖ ತೋರಿಸದೆ ಯಾವ ಸಾಮಾನೂ ಬಾಗಿಲು ದಾಟುವುದಿಲ್ಲ ಎಂದು ಅಣ್ಣ ಗಿರಾಕಿಗಳ ಮುಂದೆ ನಗೆಯಾಡುತ್ತಿದ್ದ. ಪ್ರತಿ ಪೆಟ್ಟಿಗೆಯಲ್ಲೂ ಅವಳ ಸಹಿಯ ಒಂದು ಚೀಟಿ ಇರುತ್ತಿತ್ತು.

ಒಂದು ದಿನ ಬೆಳಿಗ್ಗೆ ಹಾಲಿನ ಕಾರ್ಖಾನೆಯ ಇಂಜಿನಿಯರ್ ಒಂದು ಚೀಲ ಹಿಡಿದು ಒಳಗೆ ಬಂದರು. ಅಣ್ಣ ಆಮ್ಲ ತರಲು ಹೋಗಿದ್ದ. ಕೈಗವಸು ಹಾಕಿ ತೊಟ್ಟಿಯ ಮುಂದೆ ನಿಂತಿದ್ದ ಕನ್ನಡಿಯನ್ನು ನೋಡಿ ಅವರು ತಬ್ಬಿಬ್ಬಾದರು.

"ನೀವು ಇನ್ನೂ ಇಲ್ಲೇ ಇದೀರಾ?"

ಇನ್ನೆಲ್ಲಿರಲಿ ಎಂದು ಅವಳು ನಕ್ಕಳು. ಇಂಜಿನಿಯರ್ ನಗಲಿಲ್ಲ. ಜೇಬಿನಿಂದ ಒಂದು ಪತ್ರ ತೆಗೆದು, ಕೊಡಲೋ ಬೇಡವೋ ಎಂಬಂತೆ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಕೊನೆಗೆ ಕೊಟ್ಟರು. ಬರೆದವನು ಅಣ್ಣ. ಹೋದ ತಿಂಗಳು ಹೊಳಪು ಹಾಕಿ ಕಳಿಸಿದ ನಿಮ್ಮ ವಾಲ್ವುಗಳಲ್ಲಿ ತುಕ್ಕಿನ ಚುಕ್ಕೆ ಬಂದದ್ದು ನನ್ನ ತಂಗಿಯ ಅಜಾಗ್ರತೆಯಿಂದ. ಅವಳಿಗೆ ಈಚೆಗೆ ಕೆಲಸದ ಮೇಲೆ ಗಮನವಿಲ್ಲ. ಆದ್ದರಿಂದ ಅವಳನ್ನು ಕೆಲಸದಿಂದ ಬಿಡಿಸಿದ್ದೇನೆ, ದಯವಿಟ್ಟು ಕ್ಷಮಿಸಬೇಕು.

ಅವಳು ಎರಡು ಸಲ ಓದಿದಳು. ತುಕ್ಕು ಬಂದ ಸುದ್ದಿಯೇ ಅವಳ ಕಿವಿಗೆ ಬಿದ್ದಿರಲಿಲ್ಲ. ಆ ವಾಲ್ವನ್ನು ಒಮ್ಮೆ ತೋರಿಸಿ ಎಂದಳು.

ಚೀಲದಿಂದ ಹೊರಬಂದ ವಾಲ್ವು ಒಂದೆರಡು ಚುಕ್ಕೆ ಬಿಟ್ಟರೆ ನೋಡಲು ಥಳಥಳ ಹೊಳೆಯುತ್ತಿತ್ತು. ಆದರೆ ಭೂತಗನ್ನಡಿ ಹಿಡಿದ ಕೂಡಲೇ ಉಜ್ಜುವ ಚಕ್ರದ ಗೆರೆಗಳು ಸಾಲುಸಾಲಾಗಿ ಕಂಡವು. ಬಾಟಲಿಯಿಂದ ಮೈಲುತುತ್ತದ ನೀಲಿ ನೀರನ್ನು ಒಂದು ಹನಿ ಅದರ ಮೇಲೆ, ಇನ್ನೊಂದು ಹನಿ ತಾನು ಹಿಂದಿನ ದಿನ ಮುಗಿಸಿದ್ದ ವಾಲ್ವಿನ ಮೇಲೆ ಬಿಟ್ಟಳು. ಆರು ನಿಮಿಷ ಕಾದರು. ಒರೆಸಿದಾಗ ಅವಳ ವಾಲ್ವು ಇದ್ದ ಹಾಗೇ ಇತ್ತು. ಇಂಜಿನಿಯರ್ ತಂದದ್ದರ ಮೇಲೆ, ಕಬ್ಬಿಣದ ಕಣ ಉಳಿದಿದ್ದಲ್ಲೆಲ್ಲ, ತಾಮ್ರದ ಕೆಂಪು ಕಲೆ ಕೂತಿತ್ತು. ಮೇಲೆ ಥಳಕು, ಒಳಗೆ ಹುಳುಕು. ಇದು ತೊಟ್ಟಿಗೆ ಇಳಿದೇ ಇಲ್ಲ ಎಂದಳು.

ಇಂಜಿನಿಯರ್ ಜೊತೆಗಿದ್ದ ಚೀಟಿಯನ್ನೂ ತೋರಿಸಿದರು. ಸಹಿ ಅವಳದೇ ಥರ ಇತ್ತು. ತಾರೀಖು ನೋಡಿ ಅವಳು ಸ್ಟೂಲು ಎಳೆದು ಕೂತಳು. ಅಂದು ಅವಳು ಆಸ್ಪತ್ರೆಯಲ್ಲಿದ್ದಳು. ಅತ್ತಿಗೆಗೆ, ಅಂದರೆ ಅಣ್ಣನ ಹೆಂಡತಿಗೆ, ಗರ್ಭಕೋಶದ ಆಪರೇಷನ್ ಆಗಿತ್ತು. ಕೆಲಸ ಬಿಟ್ಟು ಬರಲಾರೆ, ನೀನಿದ್ದರೆ ನನಗೆ ಧೈರ್ಯ ಎಂದು ಅಣ್ಣನೇ ಅವಳನ್ನು ಒಂಬತ್ತು ದಿನ ಅಲ್ಲಿ ಕೂರಿಸಿದ್ದ.

ಮಧ್ಯಾಹ್ನ ಅಣ್ಣ ಬಂದ. ಪತ್ರ ಮೇಜಿನ ಮೇಲಿತ್ತು. ಅದನ್ನು ನೋಡಿ, ಆಮ್ಲದ ಕ್ಯಾನು ಇಳಿಸುವ ನೆಪದಲ್ಲಿ ಮತ್ತೆ ಹೊರಗೆ ಹೋದ. ಅವಳು ಕಾದಳು. ಕೊನೆಗೆ ಅವನೇ ಬಂದು ಎದುರಿಗೆ ಕೂತು ಹೇಳತೊಡಗಿದ. ಆ ವಾರ ಕರೆಂಟಿನ ಯಂತ್ರ ಸುಟ್ಟುಹೋಗಿತ್ತು. ಕೊಡುವ ದಿನ ತಪ್ಪಿದರೆ ಗಿರಾಕಿ ಕೈತಪ್ಪಿ ಹೋಗುತ್ತಿದ್ದರು. ಚಕ್ರಕ್ಕೆ ಹಿಡಿದು ಹೊಳಪು ಬರಿಸಿದೆ, ಯಾರಿಗೂ ಗೊತ್ತಾಗಲಿಕ್ಕಿಲ್ಲ ಅಂದುಕೊಂಡೆ.

"ಅದು ಸರಿ, ಯಂತ್ರ ಸುಟ್ಟಿತು," ಎಂದಳು ಅವಳು. "ನನ್ನ ಹೆಸರು ಯಾಕಣ್ಣ ಹಾಕಿದೆ?"

ಅವನು ಪತ್ರವನ್ನು ಮಡಿಸಿದ. "ಹೊರಗಿನವರ ತಲೆಗೆ ಕಟ್ಟೋಕಾಗುತ್ತಾ? ನೀನು ಮನೆಯವಳು. ಹೊಟ್ಟೆಗೆ ಹಾಕ್ಕೊಳ್ತೀಯ ಅಂದ್ಕೊಂಡೆ."

ಬೈದಿದ್ದರೆ, ಸುಳ್ಳು ಹೇಳಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಇಷ್ಟು ಮೆತ್ತಗೆ ಹೇಳಿದ ಮಾತು ಎದೆಯೊಳಗೆ ಮುರಿದ ಮುಳ್ಳಿನ ಹಾಗೆ ಉಳಿಯಿತು. ತನ್ನನ್ನು ಸಾಕಿದವನು ತನ್ನ ಒಳ್ಳೆಯತನವನ್ನು ಲೆಕ್ಕ ಹಾಕಿಯೇ ಆರಿಸಿಕೊಂಡಿದ್ದ.

ಇನ್ನೂ ಎಷ್ಟು ವಾಲ್ವು ಹಾಲಿನ ಪೈಪಿನಲ್ಲಿವೆ ಎಂದು ಕೇಳಿದಳು. ನೂರೆಂಬತ್ತು. ಅವನು ಬೇಡವೆನ್ನುತ್ತಿದ್ದಂತೆ ಅವನೆದುರಿಗೇ ಇಂಜಿನಿಯರಿಗೆ ಫೋನು ಮಾಡಿ, ಒಂದನ್ನೂ ಬಿಡದೆ ಬಿಚ್ಚಿ ಕಳಿಸಿ, ಅವುಗಳಲ್ಲಿ ಹರಿಯೋ ಹಾಲನ್ನ ಮಕ್ಕಳು ಕುಡೀತಾರೆ ಎಂದಳು. ಮನೆಯ ಮಾನ ಬೀದಿಗೆ ತಂದೆ ಎಂದು ಅಣ್ಣ ಅಂದ.

ವಾಲ್ವುಗಳು ಬಂದವು. ಐದು ದಿನ ಅವಳು ಒಂದೊಂದನ್ನೂ ಕೊಕ್ಕೆಗೆ ಸಿಕ್ಕಿಸಿ, ಇಳಿಸಿ, ಎತ್ತಿ, ತೊಳೆದು, ಬೆಳಕಿಗೆ ಹಿಡಿದು ನೋಡಿದಳು. ನಾಲ್ಕನೆಯ ದಿನ ಅತ್ತಿಗೆ ಮೆಲ್ಲಗೆ ನಡೆಯುತ್ತ ಬಂದು ತೊಳೆದ ವಾಲ್ವುಗಳನ್ನು ಒರೆಸಲು ಕೂತಳು. ನನಗೂ ಹೇಳಿರಲಿಲ್ಲ ಕಣೇ ಎಂದಷ್ಟೇ ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಬ್ಬರೂ ಸಂಜೆಯವರೆಗೆ ಒಂದೇ ಬೆಂಚಿನಲ್ಲಿ ಕೂತಿದ್ದರು.

ಕೊನೆಯ ಪೆಟ್ಟಿಗೆ ಮುಚ್ಚಿದ ಮೇಲೆ ಕನ್ನಡಿ ಏಪ್ರನ್ ಕಳಚಿ ಮೊಳೆಗೆ ಹಾಕಿ ಹೋದಳು. ಆಸ್ಪತ್ರೆಯ ಸಲಕರಣೆ ಮಾಡುವ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಆರು ತೊಟ್ಟಿಗಳಿದ್ದವು. ಅವಳ ಅಡ್ಡಹೆಸರು ಯಾರಿಗೂ ಗೊತ್ತಿರಲಿಲ್ಲ. ತಂಗಿಗೆ ದೊಡ್ಡ ಕೆಲಸದ ಆಸೆ ಬಂತು ಎಂದು ಅಣ್ಣ ನೆಂಟರಲ್ಲಿ ಹೇಳಿಕೊಂಡು ತಿರುಗುವುದು ಕಿವಿಗೆ ಬಿತ್ತು. ಅವಳು ತಿದ್ದಲು ಹೋಗಲಿಲ್ಲ.

ಎರಡು ತಿಂಗಳ ಮೇಲೆ ಅವನ ಫೋನು ಬಂತು. ಅವನ ದನಿಯ ಹಿಂದೆ ತೊಟ್ಟಿಯ ಗುಳ್ಳೆಗಳ ಸದ್ದು ಕೇಳುತ್ತಿತ್ತು. ಪೈಪು ಜೋಡಿಸುವ ದಪ್ಪ ಫ್ಲಾಂಜು ಮಂಕಾಗೇ ಬರುತ್ತಿದೆ, ಎಷ್ಟು ನಿಮಿಷ ಬಿಡಬೇಕು ಎಂದು ಕೇಳಿದ. ದನಿ ಕುಗ್ಗಿತ್ತು. ಆ ಸದ್ದಿನಲ್ಲಿ ಕರೆಂಟು ಕಡಿಮೆಯಿದೆ ಎಂದು ಅವಳಿಗೆ ಗೊತ್ತಾಯಿತು.

"ಕರೆಂಟು ಏರಿಸು. ಹನ್ನೊಂದು ನಿಮಿಷ ಬಿಡು," ಎಂದಳು. ಊಟ ಆಯ್ತಾ ಎಂದು ಕೇಳುವುದು ಅವಳ ರೂಢಿ. ಕೇಳದೆ ಫೋನು ಇಟ್ಟಳು.