ಚಕ್ರದ ಮೇಲಿನ ಗೆರೆ

ನಾನು ನೀರಿನೊಳಗೆ ಇಳಿದು ಅಳತೆ ಮಾಡುವ ಒಂದು ಲೇಸರ್ ಯಂತ್ರ. ಧೂಳು ನುಸುಳದ ಕೋಣೆಯೊಂದರಲ್ಲಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡವರ ಕೈಯಲ್ಲಿ ಹುಟ್ಟಿದೆ. ಅವರು ನನಗೆ ಒಂದು ಹಸಿರು ಬೆಳಕನ್ನೂ, ಅದು ಬಿದ್ದ ಜಾಗವನ್ನು ನೋಡಲು ಒಂದು ಕಣ್ಣನ್ನೂ ಕೊಟ್ಟರು. ಹಸಿರೇ ಏಕೆಂದರೆ, ಕೆಂಪು ಬೆಳಕನ್ನು ನೀರು ಬಹುಬೇಗ ನುಂಗಿಬಿಡುತ್ತದೆ. ಕತ್ತಲ ನೀರಿನಲ್ಲಿ ನಾನು ಗೆರೆಯ ಪಕ್ಕಕ್ಕೊಂದು ಗೆರೆ ಎಳೆಯುತ್ತ ಹೋಗುತ್ತೇನೆ. ಮೇಲೆ, ಕಂಪ್ಯೂಟರಿನ ಪರದೆಯಲ್ಲಿ, ಲೆಕ್ಕವಿಲ್ಲದಷ್ಟು ಚುಕ್ಕೆಗಳು ಕೂಡಿಕೊಂಡು ಆಕಾರವೊಂದು ಏಳುತ್ತದೆ. ನನಗೆ ತಿಳಿಯುವುದು ದೂರ ಮಾತ್ರ. ತೀರ ಹತ್ತಿರ ಬಂದದ್ದು ನನಗೆ ಕಾಣುವುದೇ ಇಲ್ಲ.

ಮೊದಲ ವರ್ಷಗಳಲ್ಲಿ ಅಣೆಕಟ್ಟಿನ ಗೇಟುಗಳನ್ನೂ ಸೇತುವೆಯ ಕಂಬಗಳನ್ನೂ ಅಳೆದೆ. ಹೊಸ ಯಂತ್ರ ಬಂದ ಮೇಲೆ ಆ ಕಂಪನಿಯವರು ನನ್ನನ್ನು ರುದ್ರೇಶನಿಗೆ ಮಾರಿದರು. ರುದ್ರೇಶ ಚಿತ್ರದುರ್ಗದ ಕಡೆಯವನು. ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಓದಿದವನು, ಈಜು ಬಾರದವನು. ಮಾಡಿದ ಕೆಲಸ ಸರಿಯಾಯಿತೋ ಇಲ್ಲವೋ ಎಂಬ ಅಳುಕು ಅವನನ್ನು ಬಿಟ್ಟಿರುತ್ತಿರಲಿಲ್ಲ. ಉಪ್ಪುನೀರಿನಲ್ಲಿ ಬೆಳಕು ಬಾಗುವ ರೀತಿಯೇ ಬೇರೆಯೆಂದು, ಎಲ್ಲಿಗೆ ಹೋದರೂ ಉದ್ದ ಗೊತ್ತಿದ್ದ ಒಂದು ಬಿಳಿ ಹಲಗೆಯನ್ನು ಮೊದಲು ನನ್ನೆದುರು ಇಳಿಬಿಟ್ಟು ಅಳೆಸುತ್ತಿದ್ದ. ಆಮೇಲೆ ಇನ್ನೊಮ್ಮೆ ಅಳೆಸುತ್ತಿದ್ದ.

ಅವನೊಂದಿಗೆ ಕುಂದಾಪುರದ ಕಡೆಯ ಒಂದು ಸಣ್ಣ ಬಂದರಿಗೆ ಹೋದೆ. ಅಲ್ಲಿ ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಮೀನುಗಾರಿಕೆಯ ಬೋಟೊಂದು ತಡೆಗೋಡೆಯ ಬಂಡೆಗೆ ಬಡಿದು ಮುಳುಗಿತ್ತು. ಮುಂಭಾಗದಲ್ಲಿ ಮಲಗಿದ್ದ ಕಲಾಸಿಗಳು, ಎಂದರೆ ಬೋಟಿನ ಆಳುಗಳು, ಈಜಿ ಗೋಡೆ ಹತ್ತಿದ್ದರು. ಬೋಟು ನಡೆಸುತ್ತಿದ್ದ ತಾಂಡೇಲ ಹೆರಿಯ ಮೊಗವೀರ ಮಾತ್ರ ಉಳಿಯಲಿಲ್ಲ. ದೂರದ ಸಮುದ್ರದಿಂದ ಬರುವಾಗ ಸುಸ್ತಾದ ತಾಂಡೇಲರು ಕೆಲವೊಮ್ಮೆ ಬೋಟು ತಿರುಗಿಸುವ ಚಕ್ರ ಅಲುಗದಂತೆ ಅದಕ್ಕೊಂದು ಹಗ್ಗ ಬಿಗಿದು ಅಲ್ಲೇ ಕಣ್ಣು ಮುಚ್ಚುವುದುಂಟು. ಹೆರಿಯನೂ ಹಾಗೇ ಮಾಡಿದ ಎಂದು ಊರು ತೀರ್ಮಾನಿಸಿತ್ತು. ಅವನ ಹೆಂಡತಿ ಜಲಜ ಮೀನು ಮಾರುವವಳು. ಅವಳು ಬುಟ್ಟಿ ಇಳಿಸಿದಲ್ಲೇ ಮಾತು ಬೀಳುತ್ತಿತ್ತು: "ತಾಂಡೇಲಂಗೆ ನಿದ್ರಿ ಬಂತ್, ಕಲಾಸಿಗಳ ಬಾಯಿಗೆ ಉಪ್ಪುನೀರ್ ಬಂತ್."

ಬೋಟನ್ನು ಎಳೆಯುವ ಮೊದಲು ಅದು ಹೇಗೆ ಕೂತಿದೆಯೆಂದು ಅಳೆಯುವುದು ನಮ್ಮ ಕೆಲಸ. ಮುಳುಗುಗಾರನೊಬ್ಬ ನನ್ನನ್ನು ಕ್ಯಾಬಿನ್ನಿನ ಒಡೆದ ಗಾಜಿನ ಮುಂದೆ ನಿಲ್ಲಿಸಿದ. ನೀರು ರಾಡಿಯಾಗಿತ್ತು. ಆದಷ್ಟನ್ನು ಅಳೆದೆ. ರುದ್ರೇಶ ಅಂದು ಒಂದು ತಪ್ಪು ಮಾಡಿದ. ತಾನು ಪರಿಶೀಲಿಸುವ ಮೊದಲೇ, ಜನ ಸುತ್ತುಗಟ್ಟಿದ್ದಾಗ, ಬೋಟು ಕಟ್ಟುವ ಧಕ್ಕೆಯ ಮೇಲೆ ಪರದೆ ತೆರೆದ. ಚಕ್ರದ ಮೇಲೆ ಅಡ್ಡಲಾಗಿ ಒಂದು ಗೆರೆ ಇತ್ತು.

"ಕಾಣಿ, ಹಗ್ಗ ಅಲ್ದಾ ಅದ್?" ಎಂದ ಬೋಟಿನ ಮಾಲೀಕ ಸದಾನಂದ. "ನಾ ಹೇಳಿದ್ದೇ ಆಯ್ತಲೆ. ಚಕ್ರ ಕಟ್ಟಿ ಮನಿಕಂಡಿದ್ದ."

ಜಲಜ ಗುಂಪಿನ ಹಿಂದೆ ನಿಂತಿದ್ದಳು. ಖಾಲಿ ಬುಟ್ಟಿ ಎತ್ತಿಕೊಂಡು ಹೋದಳು.

ಮರುದಿನ ಬೆಳಿಗ್ಗೆ ಕ್ರೇನು ಬರುವುದಿತ್ತು. ಎಳೆದ ಮೇಲೆ ಒಳಗಿನದೆಲ್ಲ ಕಲಸಿಹೋಗುತ್ತದೆ. ರುದ್ರೇಶ ಆ ಗೆರೆಯನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದ. ಒಂದು ತುದಿಯಲ್ಲಿ ಬೆರಳಷ್ಟು ದಪ್ಪ, ಇನ್ನೊಂದು ತುದಿಯಲ್ಲಿ ಅಂಗೈಯಷ್ಟು ಅಗಲ. ಬಿಗಿದು ಕಟ್ಟಿದ ಹಗ್ಗ ಹಾಗೆ ಕಾಣದು; ನಾನು ಗೆರೆ ಎಳೆಯುತ್ತಿರುವಾಗಲೇ ಅಲುಗಾಡಿದ್ದು ಹಾಗೆ ಹರಡಿ ಕಾಣುತ್ತದೆ. ಉಬ್ಬರ ತುಂಬಿ ನೀರು ತಿಳಿಯಾದಾಗ ಇನ್ನೊಮ್ಮೆ ಇಳಿಸಲು ಬಿಡಿ ಎಂದು ಅವನು ಸದಾನಂದನನ್ನು ಕೇಳಿಕೊಂಡ.

"ಎಷ್ಟ್ ಸಲ ಅಳತಿ ತೆಗಿತ್ರಿ ಸಾರ್? ಬೋಟಿಗೆ ಅಂಗಿ ಹೊಲೂಕ್ ಇತ್ತಾ?"

"ನನ್ನ ಕಣ್ಣೇ ತಪ್ಪಿರಬಹುದು. ಅದಕ್ಕೇ ಇನ್ನೊಂದು ಸಲ," ಎಂದ ರುದ್ರೇಶ. ಸದಾನಂದ ಕೈ ಬೀಸಿ ಒಪ್ಪಿದ.

ಆ ಸಂಜೆ ಹಲಗೆ ಅಳೆಸಿದ ಮೇಲೆ ಮತ್ತೆ ಇಳಿದೆ. ನೀರು ನಿಂತಿತ್ತು. ಚಕ್ರದ ಮೇಲೆ ಗೆರೆ ಇರಲಿಲ್ಲ. ಮೊದಲ ಸಲ ಅಲುಗಾಡಿ ಗೆರೆಯಾಗಿ ಕಂಡಿದ್ದ ಹರಿದ ಬಲೆಯ ಎಳೆ ಈಗ ಸೂರಿನಿಂದ ಬೇರೊಂದು ಕಡೆಗೆ ಜೋತಿತ್ತು. ಚಕ್ರ ಕಟ್ಟುವ ಹಗ್ಗ ಕ್ಯಾಬಿನ್ನಿನ ಗೋಡೆಯ ಕೊಕ್ಕೆಯಲ್ಲಿ, ಸುತ್ತಿಟ್ಟ ಹಾಗೇ ಇತ್ತು. ನನ್ನನ್ನು ಬೋಟಿನ ಹಿಂಬದಿಗೆ ಒಯ್ದಾಗ, ಚಕ್ರ ತಿರುಗಿಸಿದಂತೆ ತಿರುಗುವ ಚುಕ್ಕಾಣಿ ಕಂಡಿತು. ಅದು ಎಡಕ್ಕೆ ಪೂರ್ತಿ ತಿರುಗಿ, ಹಾಗೆಯೇ ಮರಳಲ್ಲಿ ಹೂತು ನಿಂತಿತ್ತು. ಬೋಟು ಒಡೆದದ್ದು ಕಲಾಸಿಗಳು ಮಲಗಿದ್ದ ಮುಂಭಾಗದಲ್ಲಲ್ಲ, ಕ್ಯಾಬಿನ್ನಿನ ಕೆಳಗೆ.

ಈ ಸಲ ರುದ್ರೇಶ ಪರದೆಯನ್ನು ಯಾರಿಗೂ ತೋರಿಸಲಿಲ್ಲ. ಮೊದಲು ಜಲಜಳನ್ನು ಕರೆಸಿದ. ಅವಳು ಬಂದಾಗ ನಾನು ಬಲೆಯ ರಾಶಿಯ ಮೇಲೆ ನೀರು ಸೋರಿಸುತ್ತ ಕೂತಿದ್ದೆ.

"ಅಕ್ಕಾ, ಹಗ್ಗ ಕಟ್ಟಿರಲಿಲ್ಲ. ಅವರು ಎಚ್ಚರ ಇದ್ದರು. ಬಂಡೆ ಕಂಡು ಚಕ್ರ ಪೂರ್ತಿ ತಿರುಗಿಸಿದಾರೆ. ಹಾಗಾಗಿ ಮುಂಭಾಗ ತಪ್ಪಿ, ಏಟು ಅವರಿದ್ದ ಕ್ಯಾಬಿನ್ನಿನ ಕಡೆಗೆ ಬಿತ್ತು. ನನಗೆ ಕಂಡಿದ್ದು ಇಷ್ಟೇ. ಇದನ್ನ ನಾಳೆ ಎಲ್ಲರ ಎದುರಿಗೂ ಹೇಳ್ತೀನಿ."

ಜಲಜ ಅಳಿವೆಯ ಕಡೆ ತಿರುಗಿದಳು.

"ಹಂಗಾರೆ ಅವ್ರಿಗೆ ಎಲ್ಲ ಕಂಡಿತ್," ಎಂದಳು. "ಜನ ಎಂತ ಬೈದ್ರೂ, ನಿದ್ರಿಯಲ್ಲೇ ಹೋದ್ರ್, ಎಂತದೂ ಗೊತ್ತಾಯ್ಲಿಲ್ಲ ಅಂದ್ಕಂಡಿದ್ದೆ ನಾನ್."

ರುದ್ರೇಶನ ಮುಖ ಇಳಿಯಿತು. "ನಾನು ಹೇಳಬಾರದಿತ್ತೇನೋ ಅಕ್ಕಾ."

"ಹೇಳ್ಕಿತ್ತ್, ಹೇಳಿದ್ದೇ ಒಳ್ಳೇದಾಯ್ತ್," ಎಂದಳು ಅವಳು. "ನಾಳಿ ತಲಿ ಎತ್ತಿ ಮೀನ್ ಪೇಟಿಗೆ ಹೋಯ್ಕಲ್ದಾ ನಾನ್."

ಹೋಗುವ ಮೊದಲು ಅವಳು ನನ್ನ ಹತ್ತಿರ ಬಂದಳು. "ಇದೇಯಾ ಒಳಗ್ ಹೋಯ್ ಕಂಡದ್ದ್?" ಎಂದು ಕೇಳಿ, ನನ್ನ ಒದ್ದೆ ಗಾಜಿನ ಮೇಲೆ ಅಂಗೈ ಇಟ್ಟಳು.

ಈಗ ನಾನು ಒಂದು ಪಾಲಿಟೆಕ್ನಿಕ್ಕಿನ ಕಪಾಟಿನಲ್ಲಿದ್ದೇನೆ. ಸೀಲು ಸವೆದು, ಒಳಗೆ ಉಪ್ಪುನೀರು ಹೊಕ್ಕು, ಕಣ್ಣು ಮಂಜಾಗಿದೆ. ಕೂದಲೆಳೆಯಷ್ಟೂ ತಪ್ಪದೆ ಅಳೆಯುತ್ತಿತ್ತು ಎಂದು ಮೇಷ್ಟ್ರು ನನ್ನನ್ನು ಮಕ್ಕಳಿಗೆ ತೋರಿಸುತ್ತಾರೆ. ಆ ಚುಕ್ಕಾಣಿ ಎಷ್ಟು ತಿರುಗಿತ್ತೆಂದು ಕೇಳಿದರೆ ಇಂದಿಗೂ ಹೇಳಬಲ್ಲೆ. ಆದರೆ ನನ್ನ ಗಾಜಿನ ಮೇಲೆ ಇಟ್ಟ ಆ ಅಂಗೈ ನಡುಗುತ್ತಿತ್ತೋ, ಗಟ್ಟಿಯಾಗಿತ್ತೋ ನನಗೆ ಗೊತ್ತಿಲ್ಲ. ಅಷ್ಟು ಹತ್ತಿರದ್ದನ್ನು ಅಳೆಯುವ ಶಕ್ತಿಯನ್ನು ನನಗೆ ಯಾರೂ ಕೊಡಲಿಲ್ಲ.